ಕ್ಯಾಪ್ಟನ್ ಉಚ್ಚಂಗೆಪ್ಪನ ಬೂಟು

ತೀರಿಹೋದ ಕ್ಯಾಪ್ಟನ್ ಉಚ್ಚಂಗೆಪ್ಪನನ್ನು ಗೌಡರು ಹಲವಾಗಲಿನ ಶಾಲೆಯಲ್ಲಿ ಎಪ್ಪತ್ತೊಂದರ ಯುದ್ಧದ ಹುಲಿ ಅಂತ ಹೊಗಳುತ್ತಿದ್ದರೆ, ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಗಾಳೆಮ್ಮ ಸೆರಗಿನ ಮರೆಯಲ್ಲಿ ಮೂಗು ಮುರಿದಳು. ಹಲ್ಲಿ ಬಿದ್ದರೆ ಮಂಚ ಹತ್ತುತ್ತಿದ್ದ ಹುಲಿ ಅದು. ಪಿಂಚಣಿ ಮೇಲೆ ಊರಿಗೆ ಬಂದವನು ಎಮ್ಮೆಗೆ ಹಿಂದಿಯಲ್ಲಿ ಹುಕುಂ ಕೊಡುತ್ತಿದ್ದ. ಎಮ್ಮೆ ಕದಲದಿದ್ದರೆ, “ನಿನ್ನ ಎಮ್ಮಿಗೆ ಡಿಸಿಪ್ಲಿನ್ನೇ ಇಲ್ಲ” ಅಂತ ಹೆಂಡತಿಯ ಮೇಲೆ ಹಾರಾಡುತ್ತಿದ್ದ. ಬೀಗರು ಬಂದರೂ ಗಡಿಯಾರ ನೋಡಿಯೇ “ಕೂಡ್ರಿ” ಅನ್ನುವುದು. ರೊಟ್ಟಿಯ ಅಂಚು ಸೀಳಿದರೆ ಅವತ್ತು ಮನೆಯಲ್ಲಿ ಯುದ್ಧ. ಎಲ್ಲಕ್ಕಿಂತ ಮಿಗಿಲು ಬೂಟಿನ ಹುಚ್ಚು. ಕಾಲು ಬೇಯುವ ಬಿಸಿಲಲ್ಲೂ ದಿನಾ ಅದನ್ನು ತಿಕ್ಕಿ ಮಿಂಚಿಸಿ, ಹಾಕಿಕೊಂಡು, ಏನೂ ಕೆಲಸವಿಲ್ಲದೆ ಗೌಡರ ಓಣಿಯಲ್ಲಿ ಟಕಟಕ ಅಂತ ಒಂದು ಸುತ್ತು ಹೊಡೆದು ಬರುತ್ತಿದ್ದ. “ಮುದುಕ ಆದ ಮ್ಯಾಲೆ ಇದೆಂಥಾ ಶೋಕಿ” ಅಂತ ಅವಳು ಬೈದಾಗ ಒಮ್ಮೆ, ಬ್ರಷ್ಷಿನಿಂದ ಕಣ್ಣೆತ್ತದೆ ಅಂದಿದ್ದ: “ನಮ್ಮಪ್ಪ ಸಾಯೋತನಕ ಆ ಓಣ್ಯಾಗ ಕೆರ ಕೈಯಾಗ ಹಿಡ್ಕೊಂಡು ನಡದಾನ.” ಭಾಷಣ ಮುಗಿಸಿದ ಗೌಡರು ಹಾರ ಹಿಡಿದು ಫೋಟೋದ ಮುಂದೆ ಬಂದು, ರೂಢಿಯಂತೆ, ಚಪ್ಪಲಿ ಕಳಚಿ ಬದಿಗಿಟ್ಟರು. ಗಾಳೆಮ್ಮ ಮುಖದ ಮೇಲಿನ ಸೆರಗು ಸರಿಸಿ ನೋಡಿದಳು. ಫೋಟೋದೊಳಗೆ ಉಚ್ಚಂಗೆಪ್ಪ ಬೂಟು ಹಾಕಿಕೊಂಡೇ ನಿಂತಿದ್ದ.