ಹುಳುಮನೆಯಲ್ಲಿ ನಿಂತಲ್ಲೇ ಓಡಿದ ಗಾಡಿ

ರಾಮನಗರ ಜಿಲ್ಲೆಯಾಗುವುದಕ್ಕೆ ಹಿಂದಿನ ವರ್ಷದ ಮಾತು. ಬಿಡದಿಯ ಸುತ್ತ ಒಂದಾದ ಮೇಲೊಂದು ಫ್ಯಾಕ್ಟರಿ ಎದ್ದು, ನಮ್ಮ ಕಡೆಯ ಹುಡುಗರು ಮೊದಲ ಸಲ ತಿಂಗಳ ಸಂಬಳದ ಮುಖ ನೋಡುತ್ತಿದ್ದ ಕಾಲ. ಸಂಬಳ ಬಂದವನಿಗೆ ಮೊದಲು ಬೇಕಾಗುವುದು ಗಾಡಿ, ಹಳೆ ಗಾಡಿ ಬೇಕಾದವನಿಗೆ ಬೇಕಾಗುವುದು ನಾನು. ಕೆಂಗಲ್ ಹತ್ತಿರ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕಿಕೊಂಡಿದ್ದ ನಾನು ಅಷ್ಟು ಹೊತ್ತಿಗೆ ಚನ್ನಪಟ್ಟಣದಲ್ಲಿ ಹಳೆ ಬೈಕು, ಹಳೆ ಸ್ಪೇರ್ ಪಾರ್ಟ್ಸ್ ವ್ಯಾಪಾರದ ಸ್ವಂತ ಅಂಗಡಿ ಮಾಡಿಕೊಂಡಿದ್ದೆ. ಯಾರ ಸಹಾಯದಿಂದಲೂ ಅಲ್ಲ, ಬಾಯಿಯ ಬಲದಿಂದ.

ಸಿದ್ದರಾಜು ನನ್ನ ಪಂಕ್ಚರ್ ದಿನಗಳ ಗಿರಾಕಿ. ನನಗಿಂತ ಚಿಕ್ಕವನು, ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಕೆಲಸ. ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಅವನ ಊರು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ರೇಷ್ಮೆ ಹುಳ ಸಾಕುವ ಹುಳುಮನೆ. ಹುಳದ ಕೆಲಸವೆಲ್ಲ ಅವನ ಹೆಂಡತಿ ಭಾಗ್ಯಳದು. ಅವನಿಗೆ ಗಾಡಿಯ ಹುಚ್ಚು.

ಆ ಗಾಡಿಯನ್ನು ಅವನು ಬೆಂಗಳೂರಿನ ಒಂದು ಗುಜರಿ ಅಂಗಳದಲ್ಲಿ ಕಂಡು ಬಂದಿದ್ದ. ಎಂಬತ್ತರ ದಶಕದ ಜಪಾನಿನ ಬೈಕು, ಎರಡು ಸಿಲಿಂಡರ್, ದೂರ ಪ್ರಯಾಣಕ್ಕೆಂದೇ ಮಾಡಿದ್ದು. ಎದೆಗೆ ಗಾಳಿ ಹೊಡೆಯದ ಹಾಗೆ ಮುಂದೆ ಅರ್ಧ ಕವಚ, ಅಗಲವಾದ ಸೀಟು, ಹಿಂದೆ ಪೆಟ್ಟಿಗೆ ಕಟ್ಟಲು ಕಂಬಿ. ದಾಖಲೆಗಳು ಸರಿಯಾಗಿದ್ದವು, ಉಳಿದದ್ದು ಯಾವುದೂ ಸರಿಯಿರಲಿಲ್ಲ. ವ್ಯಾಪಾರ ಮಾಡಿಕೊಡು ಎಂದು ನನ್ನನ್ನು ಕರೆದುಕೊಂಡು ಹೋದ. "ಬಾಯಿ ಬುಡಬೇಡ, ಗಾಡಿ ಮುಟ್ಟಬೇಡ" ಎಂದು ಬಸ್ಸಿನಲ್ಲೇ ಹೇಳಿದ್ದೆ. ಹೋದವನೇ ಟ್ಯಾಂಕನ್ನು ಎಮ್ಮೆ ಮೈ ಸವರಿದ ಹಾಗೆ ಸವರತೊಡಗಿದ. ಗುಜರಿಯವನ ಮುಖ ಅರಳಿತು.

"ಇದು ಜಪಾನ್ ಮಾಲು ಸಾರ್" ಎಂದ ಅವನು.

"ಜಪಾನೋ ಗಿಪಾನೋ, ಏರ್ ಫಿಲ್ಟರ್ ಒಳಗೆ ಇಲಿ ಮರಿ ಹಾಕೈತೆ ನೋಡಪ್ಪ. ಗಾಡಿ ಮಾರ್ತಿದ್ದೀಯೋ ಬಾಣಂತನ ಮಾಡ್ತಿದ್ದೀಯೋ?" ಎಂದೆ. ಅಲ್ಲಿಂದ ಅವನು ರೇಟು ಇಳಿಸಲೇಬೇಕಾಯಿತು.

ಹಳೆ ಗಾಡಿ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮೊದಲು ಇಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಒದ್ದೂ ಒದ್ದೂ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿರುವ ಗಾಡಿ ಒಂದೇ ಸಲಕ್ಕೆ ಎದ್ದರೆ ಮಾತ್ರ ಮುಂದಿನ ಮಾತು.

ಇದು ಏಳುವ ಸ್ಥಿತಿಯಲ್ಲೇ ಇರಲಿಲ್ಲ. ಏಳಿಸಿದ್ದು ಸಿದ್ದರಾಜು. ಶಿಫ್ಟ್ ಮುಗಿಸಿ ಬಂದು ಕೂರುತ್ತಿದ್ದ, ರಜದ ದಿನ ಪೂರ್ತಿ ಕೂರುತ್ತಿದ್ದ. ಪಿಸ್ಟನ್ ರಿಂಗಿನಿಂದ ಹಿಡಿದು ಕ್ಲಚ್ ಪ್ಲೇಟಿನವರೆಗೆ ಬೇರೆ ಬೇರೆ ಗಾಡಿಗಳದ್ದು ತಂದು ಹೊಂದಿಸಿಕೊಟ್ಟೆ. ಬಿರುಕು ಬಿಟ್ಟಿದ್ದ ಕವಚಕ್ಕೆ ಫೈಬರ್ ಹಾಕಿಸಿದೆವು. ಟ್ರಂಕು ಮಾಡುವವನ ಹತ್ತಿರ ಎರಡು ತಗಡಿನ ಪೆಟ್ಟಿಗೆ ಮಾಡಿಸಿದೆವು. ಸೊಂಟ ಬಗ್ಗದಿರಲಿ ಎಂದು ಹ್ಯಾಂಡಲ್ ಎತ್ತರಿಸಿದ. ಹಿಂದಿನ ಸೀಟಿಗೆ ದಪ್ಪ ಸ್ಪಂಜು, ಬೆನ್ನಿಗೆ ಒರಗು. ಹಿಡಿದುಕೊಳ್ಳುವ ಕಂಬಿಗೆ ಚನ್ನಪಟ್ಟಣದ ಬೊಂಬೆ ಕೆಲಸದವರಿಂದ ಮರದ ಹಿಡಿ ಕಡೆಸಿ, ಅರಗಿನ ಬಣ್ಣ ಹಾಕಿಸಿದೆ. ಅರಿಶಿನ ಬಣ್ಣ ಬೇಕೆಂದವಳು ಭಾಗ್ಯ. ಅವಳನ್ನು ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಕೆಂಬುದು ಅವನ ಆಸೆ. ದಿನವಿಡೀ ಬಗ್ಗಿ ಸೊಪ್ಪು ಕತ್ತರಿಸಿ ಅವಳಿಗೆ ಬೆನ್ನು ನೋವಿತ್ತು, ಬಸ್ಸಿನಲ್ಲಿ ಅಷ್ಟು ದೂರ ಕೂರಲು ಆಗುತ್ತಿರಲಿಲ್ಲ.

"ನನ್ನ ಮದ್ವೇಲೂ ಇಷ್ಟು ಒಡವೆ ಹಾಕಿರ್ಲಿಲ್ಲ ಕಣಣ್ಣ ಇವ್ರು" ಎಂದು ಅವಳು ನಗುತ್ತಿದ್ದಳು.

ಕೊನೆಗೆ ಉಳಿದದ್ದು ಒಂದೇ ಕೆಲಸ. ಎರಡು ಸಿಲಿಂಡರಿಗೂ ಒಂದೊಂದು ಕಾರ್ಬ್ಯುರೇಟರ್. ಎರಡೂ ಒಂದೇ ಸಮನೆ ಉಸಿರಾಡಬೇಕು. ಬಲಗಡೆಯದು ಸರಿಯಾಗಿತ್ತು, ಎಡಗಡೆಯದು ಸ್ವಲ್ಪ ಹಿಂದೆ ಬೀಳುತ್ತಿತ್ತು. ಸರಿ ಮಾಡಲು ಇಂಜಿನ್ ಓಡುತ್ತಲೇ ಇರಬೇಕು, ಕಿವಿಗೊಟ್ಟು ಕೇಳುತ್ತ ಸ್ಕ್ರೂ ತಿರುಗಿಸಬೇಕು.

ಅದಕ್ಕೆಂದೇ ಒಂದು ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಜಲ್ಲಿ ಕ್ರಷರ್‌ಗಳ ಲಾರಿಗಳು ಮನೆ ಮುಂದೆಯೇ ಹೋಗುತ್ತಿದ್ದವು, ಒಂದೊಂದು ಹೋದಾಗಲೂ ಹಿಟ್ಟಿನಂಥ ಧೂಳು. ಏರ್ ಫಿಲ್ಟರ್ ಬಿಚ್ಚಿದ ಗಾಡಿಗೆ ಆ ಧೂಳು ವಿಷ. ಅದಕ್ಕೇ ಗಾಡಿ ಹುಳುಮನೆಯಲ್ಲಿತ್ತು. ಹಿಂದಿನ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ ಹುಳುಮನೆ ಖಾಲಿಯಾಗಿತ್ತು. ಮುಂದಿನ ಮರಿ ಹುಳ ತರುವ ಮುಂಚೆ ಒಳಗೆ ಔಷಧಿ ಹೊಡೆದು ಒಂದು ದಿನ ಮುಚ್ಚಿಡುತ್ತಾರೆ. ಔಷಧಿಯ ಗಾಳಿ ಹೊರಗೆ ಹೋಗದಿರಲೆಂದು ಕಿಟಕಿ, ಗವಾಕ್ಷಿಗಳ ಸಂದಿಗೆಲ್ಲ ಅಂಟು ಸವರಿ ಪೇಪರ್ ಅಂಟಿಸುತ್ತಾರೆ. ಭಾಗ್ಯ ಹಿಂದಿನ ದಿನವೇ ಅಂಟಿಸಿ ಮುಗಿಸಿದ್ದಳು. ಸೋಮವಾರ ಔಷಧಿ.

"ಇವತ್ತೇ ಕೊನೆ, ನಾಳೆ ನಿಮ್ಮ ಗಾಡಿ ಒಳಗಿದ್ರೆ ಅದಕ್ಕೂ ಸೇರ್ಸಿ ಔಷಧಿ ಹೊಡೀತೀನಿ" ಎಂದಳು.

"ಹೊಡಿ, ಅದಕ್ಕೂ ರೋಗ ಬರಾಕಿಲ್ಲ" ಎಂದ ಸಿದ್ದರಾಜು.

ಬಾಗಿಲು ತೆರೆದುಕೊಂಡೇ ಸ್ಟಾರ್ಟ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಅವನ ದೊಡ್ಡಮ್ಮ ಕೆಂಪಮ್ಮ ಬಂದಳು. ಅವಳ ಹುಳುಮನೆ ಎದುರಿಗೇ ಇತ್ತು. ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಕೂತು ಪೊರೆ ಕಳಚುವ ಸಮಯಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಹೊಗೆ, ವಾಸನೆ ಯಾವುದೂ ತಗುಲಬಾರದು.

"ಏನ್ಲಾ ಸಿದ್ರಾಜ, ನನ್ನ ಹುಳ ಜ್ವರದಲ್ಲವೆ, ನೀನು ಹೊಗೆ ಬುಡ್ತಾ ಇದ್ದೀಯಲ್ಲ! ಬೆಳೆ ಹೋದ್ರೆ ನಿನ್ನ ಗಾಡಿ ಬಂದು ಸೊಪ್ಪು ತಿನ್ತದಾ?"

"ಇದ್ರಲ್ಲಿ ಹೊಗೆಯೇ ಇಲ್ಲ ದೊಡ್ಡವ್ವ, ಬೇಕಾದ್ರೆ ಮೂಸಿ ನೋಡು."

"ಮೂಸಾಕೆ ನಾನೇನು ನಾಯಿಯಾ? ಬಾಗ್ಲು ಹಾಕ್ಕಳ್ಲಾ."

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪಕ್ಕದವರ ಹುಳ ಜ್ವರದಲ್ಲಿದ್ದರೆ ಆ ಊರಲ್ಲಿ ಮಗ್ಗುಲ ಮನೆಯವರು ಒಗ್ಗರಣೆ ಹಾಕಲೂ ಹಿಂದೆ ಮುಂದೆ ನೋಡುತ್ತಾರೆ. ಸಿದ್ದರಾಜು ಬಾಗಿಲು ಮುಚ್ಚಿದ. ಗಾಳಿಗೆ ತೆರೆದುಕೊಳ್ಳುತ್ತಿತ್ತು, ಚಿಲಕ ಹಾಕಿದ.

ಚಳಿಯಲ್ಲಿ ಹುಳುಮನೆಗೆ ಕೆಂಡದ ಒಲೆ ಇಡುವಾಗ ಮೇಲಿನ ಗವಾಕ್ಷಿ ತೆರೆದಿರಬೇಕೆಂಬುದು ಆ ಮನೆಯ ಎಲ್ಲರಿಗೂ ಗೊತ್ತು. ಇಲ್ಲದಿದ್ದರೆ ಹುಳ ಸಾಯುತ್ತದೆ. ಆ ದಿನ ಒಳಗೆ ಹುಳ ಇರಲಿಲ್ಲ. ಅದಕ್ಕೇ ಯಾರಿಗೂ ಹೊಳೆಯಲಿಲ್ಲ. ಮೇಲಾಗಿ ಹಳೆ ಟೂ ಸ್ಟ್ರೋಕ್ ಗಾಡಿಗಳ ಹಾಗೆ ನೀಲಿ ಹೊಗೆಯೂ ಇಲ್ಲ, ಕಣ್ಣುರಿಯೂ ಇಲ್ಲ. ಕಾಣುವ ಹೊಗೆಗೆ ಹೆದರಿ ಬೆಳೆದವರು ನಾವು.

ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದೆ, ಪಿತ್ತ ಅಂದುಕೊಂಡೆ. ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಮಾಗಡಿಯ ಗಿರಾಕಿ.

"ಹೋಗಣ್ಣ, ಮಾತಾಡ್ಕಂಡು ಬಾ. ಇದು ಇನ್ನೊಸಿ ಐತೆ" ಎಂದ ಸಿದ್ದರಾಜು. ತಲೆಯೆತ್ತಲಿಲ್ಲ. ನಾನು ಹೊರಗೆ ಬಂದ ಮೇಲೆ ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು.

ಜಗಲಿಯ ಮೇಲೆ ಕೂತು ಮಾಗಡಿಯವನ ಜೊತೆ ಚೌಕಾಸಿ ಶುರುಮಾಡಿದೆ. ಮಧ್ಯದಲ್ಲಿ ಹೊಟ್ಟೆ ತೊಳಸಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಭಾಗ್ಯ ಮಜ್ಜಿಗೆ ತಂದುಕೊಟ್ಟಳು. ಮತ್ತೆ ಫೋನ್ ಹಿಡಿದೆ. ಗಾಡಿಯ ಸದ್ದು ಬರುತ್ತಲೇ ಇತ್ತು. ಅದು ಕಿವಿಯ ಮೇಲೆ ಬೀಳುತ್ತಿದ್ದದ್ದರಿಂದ ಮನಸ್ಸು ನಿರಾಳವಾಗಿತ್ತು. ಗಾಡಿ ಓಡುತ್ತಿದೆ ಎಂದರೆ ಅವನು ಕೆಲಸ ಮಾಡುತ್ತಿದ್ದಾನೆ ಎಂದಲ್ಲವೇ?

ಹಾಗಲ್ಲ. ಕಾರ್ಬ್ಯುರೇಟರ್ ಹೊಂದಿಸುವವನು ಸುಮ್ಮನೆ ಕೂರುವುದಿಲ್ಲ. ಸ್ಕ್ರೂ ಒಸಿ ತಿರುಗಿಸುತ್ತಾನೆ, ಆಕ್ಸಿಲರೇಟರ್ ಒಂದು ಸಲ ಕೊಟ್ಟು ಬಿಡುತ್ತಾನೆ, ಕೇಳುತ್ತಾನೆ, ಮತ್ತೆ ತಿರುಗಿಸುತ್ತಾನೆ. ಸದ್ದು ಏರಬೇಕು, ಇಳಿಯಬೇಕು. ಮಾಗಡಿಯವನು ಏನೋ ಹೇಳುತ್ತಿದ್ದ, ನಾನು ಏನೋ ಹೇಳಬೇಕೆಂದಿದ್ದೆ. ಆಗ ಕೇಳಿಸಿತು. ಸದ್ದು ಒಂದೇ ಸಮನೆ ಬರುತ್ತಿತ್ತು. ಎಷ್ಟೋ ಹೊತ್ತಿನಿಂದ ಹಾಗೇ ಬರುತ್ತಿತ್ತು. ಅದರ ಮೇಲೆ ಯಾರ ಕೈಯೂ ಇರಲಿಲ್ಲ.

ಫೋನ್ ಬಿಸಾಕಿ ಓಡಿದೆ. ಕೂಗಿದೆ, ಬಾಗಿಲು ಬಡಿದೆ. ಭಾಗ್ಯ ಹಾರೆ ತಂದಳು. ಇಬ್ಬರೂ ಸೇರಿ ಬಾಗಿಲ ಸಂದಿಗೆ ಹಾರೆ ಕೊಟ್ಟು ಮೀಟಿದಾಗ ಚಿಲಕ ಕಿತ್ತು ಬಂತು.

ಸಿದ್ದರಾಜು ಗಾಡಿಯ ಎಡಗಡೆ ಮಗ್ಗುಲಾಗಿ ಬಿದ್ದಿದ್ದ. ಸ್ಕ್ರೂ ಡ್ರೈವರ್ ಕೈಯಲ್ಲೇ ಇತ್ತು. ಮುಖ ಕೆಂಪಗೆ, ಬಿಸಿಲಲ್ಲಿ ಓಡಾಡಿ ಬಂದು ಮಲಗಿದವನ ಹಾಗಿತ್ತು. ಅದನ್ನು ನೋಡಿ, ಏನೂ ಆಗಿಲ್ಲ ಅಂದುಕೊಂಡೆ. ಭಾಗ್ಯ ಅವನ ಎದೆಯ ಮೇಲೆ ಕೈಯಿಟ್ಟಳು. ಆಮೇಲೆ ಅವಳ ಬಾಯಿಂದ ಬಂದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

ಕಾಲು ಹಿಡಿದು ಅಂಗಳಕ್ಕೆ ಎಳೆದೆವು. ಉಸಿರು ಇತ್ತೋ ಇಲ್ಲವೋ ಅನ್ನುವಷ್ಟಿತ್ತು. ಬೆಳಿಗ್ಗೆಯಿಂದ ನಾವು ಬೈಯುತ್ತಿದ್ದ ಜಲ್ಲಿ ಲಾರಿಗಳಲ್ಲೇ ಒಂದಕ್ಕೆ ಕೆಂಪಮ್ಮ ರಸ್ತೆ ಮಧ್ಯೆ ಅಡ್ಡ ನಿಂತುಬಿಟ್ಟಳು. ಡ್ರೈವರ್ ತಮಿಳಿನವನು. ಒಂದು ಮಾತೂ ಕೇಳದೆ ಎತ್ತಿ ಹಾಕಿಕೊಂಡು, ರಾಮನಗರದವರೆಗೆ ಹಾರ್ನ್ ಮೇಲಿನ ಕೈ ತೆಗೆಯದೆ ಓಡಿಸಿದ. ಅಲ್ಲಿ ಆಕ್ಸಿಜನ್ ಹಾಕಿ ಬೆಂಗಳೂರಿಗೆ ಕಳಿಸಿದರು.

ಅವನು ಬದುಕಿದ. ಕಣ್ಣು ಬಿಟ್ಟು ನನ್ನನ್ನು ಮೊದಲು ಕೇಳಿದ್ದು, "ಅಣ್ಣ, ಗಾಡಿ ಆಫ್ ಮಾಡಿದ್ಯಾ?" ನಾವೆಲ್ಲ ನಕ್ಕೆವು. ಮನೆಗೆ ಬಂದ, ಕೆಲಸಕ್ಕೂ ಹೋದ. ಮಾದಪ್ಪನಿಗೆ ಹರಕೆ ಹೊತ್ತುಕೊಂಡೆವು. ಗಂಡಾಂತರ ಕಳೆಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಕಳೆದಿರಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ದಿನ ಫ್ಯಾಕ್ಟರಿ ಬಸ್ಸು ಹತ್ತಲು ಹೋದವನು ರಸ್ತೆ ಬದಿಯಲ್ಲೇ ನಿಂತಿದ್ದ. ಬಸ್ಸು ಬಂದು ಹೋಗಿತ್ತು. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ ಗೊತ್ತಿಲ್ಲ. ಅಂಗಿ ತಿರುಗಾ ಮುರುಗಾ ಹಾಕಿಕೊಳ್ಳತೊಡಗಿದ. ನಡಿಗೆ ಮುದುಕರದ್ದಾಯಿತು. ಮುಖದಲ್ಲಿ ನಗು, ಸಿಟ್ಟು ಯಾವುದೂ ಮೂಡದಾಯಿತು. ಒಂದು ಸಂಜೆ ಊಟಕ್ಕಿಟ್ಟ ಭಾಗ್ಯಳನ್ನು, "ನೀನ್ಯಾರ ಮಗಳವ್ವ?" ಎಂದು ಕೇಳಿದನಂತೆ. ಇಂಜಿನ್ನಿನ ಈ ಕಣ್ಣಿಗೆ ಕಾಣದ ವಿಷದ ಹೊಗೆ ಕುಡಿದವರಲ್ಲಿ ಕೆಲವರಿಗೆ ಪೆಟ್ಟು ಹೀಗೆ ತಡವಾಗಿ ತಗುಲುತ್ತದೆ, ಕೆಲವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ ಎಂದರು ಡಾಕ್ಟರು. ಇವನಿಗೆ ಆಗಲಿಲ್ಲ. ಕಂಟ್ರಾಕ್ಟ್ ಕೆಲಸ, ಬಿಡಿಸಲು ಫ್ಯಾಕ್ಟರಿಯವರು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಪೇಪರ್ ಅಂಟ್ಸಿದ್ದು ನಾನಲ್ವಾ ಅಣ್ಣ" ಎಂದಳು ಭಾಗ್ಯ ಒಮ್ಮೆ.

"ಬಾಗ್ಲು ಹಾಕ್ಕ ಅಂದೋಳು ನಾನು" ಎಂದಳು ಕೆಂಪಮ್ಮ. ಆ ಸಲ ಅವಳ ಹುಳ ಚೆನ್ನಾಗಿ ಗೂಡು ಕಟ್ಟಿದ್ದವು. ಗೂಡು ಬಿಡಿಸುವ ದಿನ ಅಳುತ್ತ ಬಿಡಿಸಿದಳಂತೆ.

ಗಾಡಿ ನನ್ನ ಅಂಗಡಿಯಲ್ಲಿ ನಿಂತಿತ್ತು. ಭಾಗ್ಯಳೇ ಮಾರಿಬಿಡಿ ಎಂದಳು. ಬೆಂಗಳೂರಿನಿಂದ ಒಬ್ಬ ಗಿರಾಕಿ ಬಂದ. ಒಳ್ಳೆಯ ಮನುಷ್ಯ, ಗಾಡಿ ಗೊತ್ತಿದ್ದವನು. ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಮಾಡದಷ್ಟು ಬಿಗಿಯಾಗಿ ಅವನ ಹತ್ತಿರ ವ್ಯಾಪಾರ ಮಾಡಿದೆ, ನನ್ನ ಪಾಲು ಇಟ್ಟುಕೊಳ್ಳಲಿಲ್ಲ. ಭಾಗ್ಯಳ ಕೈಯಲ್ಲೇ ಹಣ ಕೊಡಲಿ ಎಂದು ಗಾಡಿಯ ಸಮೇತ ಊರಿಗೆ ಕರೆದುಕೊಂಡು ಹೋದೆ. ಅಂಗಳದಲ್ಲಿ ನಿಲ್ಲಿಸಿದೆವು. ಅರಿಶಿನ ಬಣ್ಣದ ಆ ಹಿಡಿ ಹಾಗೇ ಫಳಫಳ ಎನ್ನುತ್ತಿತ್ತು. ಆ ಸೀಟಿನ ಮೇಲೆ ಭಾಗ್ಯ ಒಂದು ಸಲವೂ ಕೂತಿರಲಿಲ್ಲ.

ಸಿದ್ದರಾಜು ಜಗಲಿಯ ಮೇಲಿದ್ದ. ನನ್ನನ್ನು ನೋಡಿದ, ಗುರುತು ಹಿಡಿಯಲಿಲ್ಲ. ಗಾಡಿಯನ್ನೂ ನೋಡಿದ, ಎದುರಿನ ಗೋಡೆಯನ್ನು ನೋಡಿದ ಹಾಗೆ.

ಗಿರಾಕಿ ಹೊರಡಲೆಂದು ಸ್ಟಾರ್ಟ್ ಮಾಡಿದ. ಭಾಗ್ಯ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುವುದರಲ್ಲಿದ್ದಳು. ಆಗ ಜಗಲಿಯಿಂದ ಮಾತು ಬಂತು.

"ಎಡಗಡೇದು ಒಸಿ ಹಿಂದಕ್ಕೈತೆ."

ಗಿರಾಕಿ, "ಏನಂದ್ರು?" ಎಂದ. ಅವನ ಕಿವಿಗೆ ಯಾವ ತೊಂದರೆಯೂ ಕೇಳಿಸಿರಲಿಲ್ಲ. ನಾನು ಬಗ್ಗಿ ಕೇಳಿದೆ. ಹೌದು, ಹಿಂದಕ್ಕಿತ್ತು. ಅವನು ಬಿದ್ದಾಗ ಎಲ್ಲಿಗೆ ನಿಂತಿತ್ತೋ ಅಲ್ಲೇ ಇತ್ತು. ನಾನೂ ಅದನ್ನು ಮುಟ್ಟಿರಲಿಲ್ಲ. ಸ್ಕ್ರೂ ಡ್ರೈವರ್ ತೆಗೆದು ಕಾಲು ಸುತ್ತು ತಿರುಗಿಸಿದೆ. ಎರಡೂ ಸದ್ದು ಒಂದಾಯಿತು. ತಿರುಗಿ ಸಿದ್ದರಾಜು ಕಡೆ ನೋಡಿದೆ. ಅವನು ಒಂದು ಸಲ ತಲೆಯಾಡಿಸಿದ.

ಆಮೇಲೆ ಭಾಗ್ಯಳ ಕಡೆ ತಿರುಗಿ, "ಯಾರವ್ವ ಬಂದಿರೋರು?" ಎಂದ.

"ಅಣ್ಣ, ಬೇಗ ಕಳಿಸ್ಬುಡಿ ಅದನ್ನ" ಎಂದಳು ಅವಳು.

ಆಗಿನಿಂದ ನನ್ನ ಅಂಗಡಿಯಲ್ಲಿ ಮಳೆಯಿರಲಿ, ಚಳಿಯಿರಲಿ, ಶಟರ್ ಪೂರ್ತಿ ಎತ್ತಿ ಗಾಡಿಯ ಹಿಂಭಾಗ ರಸ್ತೆಗೆ ಮಾಡದೆ ಯಾರೂ ಸ್ಟಾರ್ಟ್ ಮಾಡುವ ಹಾಗಿಲ್ಲ. ಗಿರಾಕಿಗಳು ನಗುತ್ತಾರೆ, ನಗಲಿ. ನಿಮಗೂ ಅದನ್ನೇ ಹೇಳುತ್ತೇನೆ. ಹೊಗೆ ಕಾಣಲಿ ಕಾಣದಿರಲಿ, ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬೇಡಿ, ಒಂದು ನಿಮಿಷದ ಕೆಲಸವಾದರೂ ಸರಿ. ಹೀಗೆ ಎಲ್ಲರಿಗೂ ಬುದ್ಧಿ ಹೇಳುವ ನನಗೆ ಒಂದು ಮಾತ್ರ ಇನ್ನೂ ಆಗುವುದಿಲ್ಲ. ಎಲ್ಲಾದರೂ ನಿಂತ ಗಾಡಿಯೊಂದು ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ಕೂತಲ್ಲಿ ಕೂರಲು ಆಗುವುದಿಲ್ಲ. ಎದ್ದು ಹೋಗಿ, ಅದು ಯಾರದ್ದೇ ಗಾಡಿಯಾಗಿರಲಿ, ಆಕ್ಸಿಲರೇಟರನ್ನು ಒಂದು ಸಲ ತಿರುವಿ ಬರುತ್ತೇನೆ.