ಬಂದ್ ಆದ ಕಂಪ್ಯೂಟರೂ ಸೌಭಾಗ್ಯ ಮೇಡಮ್ಮರ ಮೇಲಿನ ನೋಟಿಸೂ

ಸುರಪುರ, ಶಹಾಪುರ ಸೀಮೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಎಂದರೆ ಬಟ್ಟೆ ಹೊದಿಸಿ, ಊದಿನಕಡ್ಡಿ ಹಚ್ಚಿ, ಬೀಗ ಹಾಕಿಡುವ ವಸ್ತುವಾಗಿದ್ದ ಕಾಲದಲ್ಲಿ ಅದರ ಮುಸುಕು ತೆಗೆದು ಮಕ್ಕಳ ಕೈಗೆ ಒಪ್ಪಿಸಿದವರು ಶ್ರೀಮತಿ ಸೌಭಾಗ್ಯ ಮೇಡಂ ಅವರು. ಹುಣಸಗಿ, ಕೆಂಭಾವಿ ಕಡೆಯ ಒಕ್ಕಲುತನದ ಮನೆಗಳ ಮಕ್ಕಳು ಇಂದು ಯಾದಗಿರಿಯ ಕಚೇರಿಗಳಲ್ಲಿ ಕೀಲಿಮಣೆಯ ಮುಂದೆ ಅಳುಕಿಲ್ಲದೆ ಕೂಡುತ್ತಿದ್ದರೆ, ಅದರ ಹಿಂದೆ ಕೆಂಭಾವಿಯ ಈ ಹೆಣ್ಣುಮಗಳ ಬಹುಕಾಲದ ದುಡಿಮೆಯಿದೆ. ಅಂಥವರು ನಮ್ಮ ಕಾಲೇಜಿನ ಗಣಕ ವಿಭಾಗದಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ.

"ಛಲೋ ಛಲೋ ಮಾತು ಬರೀರಿ, ಹಳೇದು ಕೆದಕಬ್ಯಾಡ್ರಿ" ಎಂದು ಅಭಿನಂದನ ಸಮಿತಿಯ ಅಧ್ಯಕ್ಷರು ಫೋನಿನಲ್ಲಿ ನನಗೆ ಹೇಳಿದರು. ಮೇಡಮ್ಮರಿಗೆ ಅಂದು ನೋಟಿಸು ಕೊಟ್ಟ ಆಡಳಿತ ಮಂಡಳಿಯ ಕಾರ್ಯದರ್ಶಿಗಳೂ ಇವರೇ. ಅಲ್ಲ ಸ್ವಾಮಿ, ಕೆದಕದೆ ಬರೆಯುವುದು ಹೇಗೆ? ನನಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿಯೇ ಬರೆಯುತ್ತೇನೆ, ಗೌರವಕ್ಕೆ ಮಾತ್ರ ಕೊರತೆ ಮಾಡುವುದಿಲ್ಲ.

ನಾನು ಅಂಜನಾ. ಬೋನಾಳದ ಕುರಿ ಸಾಕುವ ಮರಿಲಿಂಗಪ್ಪನ ಮಗಳು, ಹುಟ್ಟುಕುರುಡಿ, ಈಗ ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಹೇಳಿಕೊಡುವವಳು. ಪದವಿಗೆ ಸೇರಿದಾಗ ಕಂಪ್ಯೂಟರ್ ವಿಷಯ ಬೇಕೆಂದು ಹಟ ಹಿಡಿದೆ. "ಪಾಪ, ಆಕಿಗ್ಯಾಕ ಅದು?" ಎಂದು ಅಧ್ಯಾಪಕರ ಕೋಣೆಯಲ್ಲಿ ಕನಿಕರ ಉಕ್ಕಿ ಹರಿಯಿತು. ಮೇಡಂ ಒಬ್ಬರೇ, "ಕಣ್ಣು ಕಾಣಂಗಿಲ್ಲ ಖರೆ, ಬೆರಳಿಗೇನಾಗ್ಯದ?" ಎಂದು ಕೇಳಿ ನನ್ನ ಹೆಸರು ಬರೆದುಕೊಂಡರು. ಊರೂರಿನ ಸೇವಾ ಸಂಸ್ಥೆಗಳಿಗೆ ದುಂಬಾಲು ಬಿದ್ದು, ಪರದೆಯ ಮೇಲಿನ ಅಕ್ಷರಗಳನ್ನು ಬೆರಳಿನ ಕೆಳಗೆ ಬ್ರೈಲ್ ಚುಕ್ಕಿಗಳಾಗಿ ಎಬ್ಬಿಸುವ ಪುಟ್ಟ ಯಂತ್ರವೊಂದನ್ನು ಕಾಲೇಜಿಗೆ ತರಿಸಿದರು. ಅದುವರೆಗೆ ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಇನ್ನೊಬ್ಬರು ಬರೆಯುತ್ತಿದ್ದರು. ಅವರಿಗೆ ತಿಳಿದಷ್ಟೇ ನನ್ನ ಉತ್ತರವಾಗುತ್ತಿತ್ತು. ಮೇಡಂ ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಓಡಾಡಿ, ಪ್ರಶ್ನೆಯನ್ನು ಆ ಯಂತ್ರದಲ್ಲಿಯೇ ಓದಿ ಉತ್ತರವನ್ನೂ ಅದರಲ್ಲಿಯೇ ನಾನು ಬರೆಯಬಹುದೆಂಬ ಅಪ್ಪಣೆ ತಂದರು. ಅಪ್ಪಣೆಗೊಂದು ಷರತ್ತಿತ್ತು: ಪರೀಕ್ಷೆ ಮುಗಿಯುವತನಕ ಯಂತ್ರ ಲ್ಯಾಬು, ಪರೀಕ್ಷಾ ಕೋಣೆ ಬಿಟ್ಟು ಹೊರಗೆ ಹೋಗಕೂಡದು.

ಫಜೀತಿ ಶುರುವಾದದ್ದು ಇಲ್ಲಿಂದ. ಯಂತ್ರದ ಬ್ಯಾಟರಿ ತುಂಬಲು ಇಡೀ ರಾತ್ರಿ ಬೇಕು. ಮೊಬೈಲ್ ಚಾರ್ಜರಿಗೆ ಹಾಕಿದರೆ ನಮ್ಮೂರ ಕರೆಂಟಿನ ಏರಿಳಿತಕ್ಕೆ ಬ್ಯಾಟರಿ ಉಬ್ಬುತ್ತದೆ, ಕಂಪ್ಯೂಟರಿಗೇ ಹಚ್ಚಬೇಕು. ಸಂಜೆ ಎಲ್ಲ ಕಂಪ್ಯೂಟರುಗಳನ್ನೂ ಬಂದ್ ಮಾಡಬೇಕೆಂಬುದು ಕಾಲೇಜಿನ ನಿಯಮ. ಬಂದ್ ಮಾಡಿದರೆ ಹಚ್ಚಿದ ತಂತಿಯಲ್ಲೂ ಕರೆಂಟು ನಿಲ್ಲುತ್ತದೆ. ಮೇಡಂ ನಿಯಮ ಮುರಿಯಲಿಲ್ಲ. ಈ ಮಾತನ್ನು ಗ್ರಂಥ ಸಮಿತಿಯವರು ಎರಡು ಸಲ ಓದಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಂಪ್ಯೂಟರಿನ ಮೂಲ ಹೊಂದಿಕೆಗಳನ್ನು, ಅಂದರೆ ಸೆಟ್ಟಿಂಗುಗಳನ್ನು, ಒಂದೊಂದಾಗಿ ತೆರೆದರು.

"ನಿಮ್ಮಪ್ಪ ಮಲಗಿದ ಮ್ಯಾಲ ಹಟ್ಟಿ ಕಾಯೋ ನಾಯಿನೂ ಮಲಗ್ತದೇನ?" ಎಂದು ಕೇಳಿದರು.

"ಇಲ್ರಿ ಮೇಡಂ. ಮಲಗಿದ್ರ ಕುರಿ ಉಳಿದಾವೇನ್ರಿ?"

"ಇದೂ ಹಂಗೇ. ಕಂಪ್ಯೂಟರ್ ಬಂದ್ ಆಗೋ ಮುಂದ, ತನಗ ಹಚ್ಚಿದ ಒಂದೊಂದಕ್ಕೂ ನೀನೂ ಮಲಗು ಅಂತ ಹೇಳ್ತದ. ನಿನ್ನ ಯಂತ್ರದ ತಂತಿಗಿ ಮಾತ್ರ ಎಚ್ಚರಿರು ಅಂತ ಹೇಳೋದನ್ನ ನಾವು ಅದಕ್ಕ ಕಲಿಸಬೇಕು."

ಕಲಿಸಿದರು. ಮರುದಿನ ಮುಂಜಾನೆ ಬಂದು ಬೆರಳಿಟ್ಟರೆ ಬ್ಯಾಟರಿ ಪೂರ್ತಿ ತುಂಬಿದೆಯೆಂದು ಚುಕ್ಕಿಗಳೆದ್ದವು. ಎಷ್ಟು ಖುಷಿಯಾಯಿತೆಂದರೆ ಅವರ ಕೈ ಹಿಡಿದುಕೊಂಡು ಅತ್ತೇಬಿಟ್ಟೆ.

ಆ ಹೊಂದಿಕೆ ಪಕ್ಕದಲ್ಲಿ ಹಚ್ಚಿದ ಮೌಸಿನ ತಂತಿಗೂ ತಗಲಿ ಇನ್ನೊಂದು ಸಣ್ಣ ಸಂಗತಿಯೂ ಆಯಿತು. ಕಂಪ್ಯೂಟರ್ ಬಂದ್ ಆದ ಮೇಲೂ ಅದಕ್ಕೆ ಹಚ್ಚಿದ್ದ ಮೌಸಿನ ಹೊಟ್ಟೆಯ ಕೆಂಪು ದೀಪ ಆರದೆ ಉರಿಯುತ್ತಿತ್ತಂತೆ. ನಾನು ಕಂಡದ್ದಲ್ಲ, ಕಂಡವರು ಕಾರ್ಯದರ್ಶಿಗಳು. ಅಂತಿಮ ಪರೀಕ್ಷೆಯ ಹಿಂದಿನ ಸಂಜೆ ವಾಯುವಿಹಾರಕ್ಕೆ ಬಂದವರು ಕಿಟಕಿಯಲ್ಲಿ ಇಣುಕಿ, ಕಂಪ್ಯೂಟರ್ ಬಂದ್ ಮಾಡದೆ ಹೋಗಿದ್ದಾರೆಂದು ಕೂಗಾಡಿ, ಲ್ಯಾಬಿನ ಮೇನ್ ಸ್ವಿಚ್ಚನ್ನೇ ತೆಗೆಸಿ ಕರೆಂಟು ನಿಲ್ಲಿಸಿದರು. ಒಂದು ಫೋನ್ ಮಾಡಿ ಕೇಳಬಾರದಿತ್ತೇ? ಬೀಗ ತೆಗೆಸಿ ಒಳಗೆ ಬಂದವರಿಗೆ ತಂತಿಯ ತುದಿಯಲ್ಲಿದ್ದ ಯಂತ್ರ ಕಾಣಲಿಲ್ಲವೇ? ಎರಡೂ ಕಣ್ಣು ನೆಟ್ಟಗಿದ್ದವರಿಗೆ ಕಂಡದ್ದು ಆ ಕೆಂಪು ದೀಪವೊಂದೇ!

ಬೆಳಿಗ್ಗೆ ಪರೀಕ್ಷಾ ಕೋಣೆಯಲ್ಲಿ ಯಂತ್ರದ ಮೇಲೆ ಬೆರಳಿಟ್ಟೆ. ಒಂದು ಚುಕ್ಕಿಯೂ ಏಳಲಿಲ್ಲ. ಸುತ್ತಲೂ ಎಲ್ಲರ ಪೆನ್ನು ಓಡುತ್ತಿರುವ ಸಪ್ಪಳ, ನನ್ನ ಕೈಯಲ್ಲಿ ಸತ್ತ ಡಬ್ಬಿ. ಮೂರು ವರ್ಷದ ಓದು ಮಣ್ಣುಪಾಲಾಯಿತೆಂದು ಎದ್ದು ನಿಂತು ಮೇಲ್ವಿಚಾರಕರನ್ನು ಕೂಗಿದೆ. ಸುದ್ದಿ ಮುಟ್ಟಿ ಮೇಡಂ ಓಡಿ ಬಂದರು. ಹಿಂದೆಯೇ ಜವಾನ ಬಾಷುಮಿಯಾ. "ಸಾಹೇಬ್ರು ತೆಗಿ ಅಂದ್ರು, ಮೇನ್ ತೆಗದೀನ್ರಿ ಮೇಡಂ. ನಂಗ ಗೊತ್ತಿದ್ದಿಲ್ರಿ" ಎಂದು ಆ ಮನುಷ್ಯ ಗೋಳಾಡಿದ. ಬೈಯುತ್ತ ನಿಲ್ಲಲು ಮೇಡಮ್ಮರಿಗೆ ಪುರಸೊತ್ತೆಲ್ಲಿತ್ತು? ಇಬ್ಬರೂ ಸೇರಿ ಲ್ಯಾಬಿನಿಂದ ಕಂಪ್ಯೂಟರನ್ನೂ ಆಫೀಸಿನಿಂದ ಯುಪಿಎಸ್ಸನ್ನೂ ಎತ್ತಿ ತಂದು ನನ್ನ ಬೆಂಚಿನ ಪಕ್ಕ ಇಟ್ಟರು. ಮೇಲ್ವಿಚಾರಕರು ಅಡ್ಡ ನಿಂತು ಅಪ್ಪಣೆಯೆಲ್ಲಿ ಎಂದರು. "ನನ್ನ ಮ್ಯಾಲ ಏನು ಬೇಕಾದ್ದು ಬರಕೋರಿ. ಮೊದ್ಲ ಆ ಹುಡುಗಿ ಬರೀಲಿ!" ಎಂದು ಮೇಡಂ ಗದರಿದ್ದು ಕಾರಿಡಾರಿನ ತುದಿಯವರೆಗೆ ಕೇಳಿಸಿತಂತೆ. ತಂತಿ ಹಚ್ಚಿದರು. ಚುಕ್ಕಿಗಳೆದ್ದವು. ಕಳೆದ ಹೊತ್ತನ್ನು ನನಗೆ ಯಾರೂ ಕಟ್ಟಿಕೊಡಲಿಲ್ಲ, ಕೊನೆಯ ಪ್ರಶ್ನೆ ಹಾಗೆಯೇ ಉಳಿಯಿತು. ಆದರೂ ಪಾಸಾದೆ, ಮುಂದೆ ಓದಿದೆ, ನೌಕರಿ ಹಿಡಿದೆ.

ಮೇಡಮ್ಮರಿಗೆ ಸಿಕ್ಕಿದ್ದೇನು? ವಿದ್ಯುತ್ ಪೋಲು ಮಾಡಿದ್ದಕ್ಕೂ ಸಾಮಗ್ರಿ ಸಾಗಿಸಿದ್ದಕ್ಕೂ ನೋಟಿಸು! ತಾವೇ ಕಟ್ಟಿ ಬೆಳೆಸಿದ ಲ್ಯಾಬಿನ ಉಸ್ತುವಾರಿಯನ್ನು ಅವರಿಂದ ಕಿತ್ತುಕೊಂಡರು, ಹೊಂದಿಕೆ ಅಳಿಸಿದರು, ದಿನಾ ಸಂಜೆ ಮೇನ್ ತೆಗೆಯುವುದೇ ನಿಯಮವಾಯಿತು. ಅಂದಿನಿಂದ ಇಂದಿನವರೆಗೂ ಅವರು ಪಾಠ ಹೇಳಿದ್ದು ಕರಿಹಲಗೆಯ ಮೇಲೆ. ಕಂಪ್ಯೂಟರನ್ನು ಹಲಗೆಯ ಮೇಲೆ ಬರೆದು ಕಲಿಸುವ ಗತಿ ಬೇರೆ ಯಾರಿಗಾದರೂ ಬಂದಿದೆಯೇ? ನೆನೆದರೆ ಹೊಟ್ಟೆ ಉರಿಯುತ್ತದೆ. ಈಗ ಅದೇ ಕೈಗಳು ಅವರಿಗೆ ಶಾಲು ಹೊದಿಸಲು ಹೊರಟಿವೆ.

ಏನು ಬರೆಯಲೆಂದು ಮೇಡಮ್ಮರನ್ನೇ ಕೇಳಿದೆ. ನಕ್ಕರು. "ನನ್ನ ಹೊಗಳಿಕಿ ಬ್ಯಾಡವ್ವ. ಗುಲಫಶಾ ಅಂತ ಹುಣಸಗಿ ಹುಡುಗಿ ಈ ವರ್ಷ ಸೇರ್ಯಾಳ, ನಿನ್ನಂಗೇ ಕಣ್ಣಿಲ್ಲ. ಯಂತ್ರ ಅದ, ರಾತ್ರಿ ಕರೆಂಟಿಲ್ಲ. ಸನ್ಮಾನದ ಮರುದಿನವೇ ಆಕಿ ಪರೀಕ್ಷೆ. ಅದನ್ನ ಬರಿ. ಪುಸ್ತಕ ಛಾಪಿಸೋರು ಅವರೇ ಅಲ್ಲೇನ, ಓದಲೇಬೇಕಾಗ್ತದ" ಎಂದರು.

ಆದ್ದರಿಂದ ಬರೆದಿದ್ದೇನೆ. ಪೂಜ್ಯ ಸೌಭಾಗ್ಯ ಮೇಡಂ ಅವರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ನಿವೃತ್ತಿಯ ನಂತರವೂ ಸಂಜೆಯ ಹೊತ್ತು ಬಂದು ಮಕ್ಕಳಿಗೆ ಕಲಿಸುವ ಅವರ ಆಸೆಗೆ ಯಾವ ಬಾಗಿಲೂ ಮುಚ್ಚದಿರಲಿ. ಮಾನ್ಯ ಅಧ್ಯಕ್ಷರೇ, ತಮ್ಮ ಶಾಲನ್ನು ಮೇಡಂ ಅಂದು ಸಂಜೆ ಹೊದ್ದುಕೊಳ್ಳುತ್ತಾರೆ, ಆದರೆ ಆ ರಾತ್ರಿಯ ಮಟ್ಟಿಗೆ ಮಾತ್ರ. ಮರುದಿನ ಬೆಳಿಗ್ಗೆ ಗುಲಫಶಾಳ ಬೆರಳಿನ ಕೆಳಗೆ ಚುಕ್ಕಿಗಳೆದ್ದರೆ ಆ ಶಾಲನ್ನು ಮನೆಗೆ ಒಯ್ಯುತ್ತಾರೆ. ಏಳದಿದ್ದರೆ, ಮಡಚಿ ತಂದು ತಮ್ಮ ಮೇಜಿನ ಮೇಲೆ ಇಡುವವಳು ನಾನು.