ಮೀಟರ್ ಇದ್ದ ಬಾಗಿಲು

ಕಿತ್ತೂರಿನಲ್ಲಿ ಮೂರು ದಿನ ತರಬೇತಿಗೆ ಕೂತು ಬಂದ ಮೇಲೆ ನನಗೆ ಮೊದಲು ಗೊತ್ತಿದ್ದ ಲೆಕ್ಕವೂ ಮರೆತುಹೋದಂತಾಯಿತು. ತಮಾಷೆಗೆ ಹೇಳುತ್ತಿಲ್ಲ. ಬೈಲಹೊಂಗಲದ ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು ನಾನು. ಫೀ ಎಷ್ಟು ಬಂತು, ಪಗಾರ ಎಷ್ಟು ಹೋಯಿತು, ಬ್ಯಾಂಕಿನಲ್ಲಿ ಎಷ್ಟು ಉಳಿಯಿತು ಎಂದು ಯಾರು ಯಾವಾಗ ಕೇಳಿದರೂ ಬಾಯಲ್ಲೇ ಇರುತ್ತಿತ್ತು. ಅಂಥವಳನ್ನು ಈ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಕಳಿಸಿದರು.

ಆದೇಶದ ಕಾಗದದಲ್ಲಿ ‘ಉನ್ನತ ಶಿಕ್ಷಣ ಸಂಸ್ಥೆಗಳ ನಿರ್ವಹಣಾ ಲೆಕ್ಕಿಗರ ವೃತ್ತಿ ವಿಕಾಸ ಕಾರ್ಯಾಗಾರ’ ಎಂದಿತ್ತು. ಎರಡು ಸಲ ಓದಿದೆ. ಅರ್ಥವಾಗದೆ ಪ್ರಿನ್ಸಿಪಾಲರ ಕೋಣೆಗೇ ಹೋದೆ.

“ಸರ್, ಇದರಾಗ ನಾ ಯಾರ್ರಿ?”

“ನಿರ್ವಹಣಾ ಲೆಕ್ಕಿಗರು ಅಂದ್ರ ನೀವ ಅಲ್ರೀ.”

“ನಿನ್ನಿ ತನಕ ನಾ ಬರೇ ಅಕೌಂಟಂಟ್ ಇದ್ದೆ.”

“ಇವತ್ತಿಂದ ನಿರ್ವಹಣಾನೂ ಕೂಡ್ತು. ಸುಮ್ಮನ ಹೋಗಿ ಬರ್ರಿ,” ಎಂದು ಅವರು ಫೈಲಿಗೆ ಕಣ್ಣು ಹಾಕಿದರು.

ಕಿತ್ತೂರಿನ ಆ ಸಭಾಂಗಣದಲ್ಲಿ ನಾವು ಮೂವತ್ತು ಜನ ಇದ್ದೆವು. ಸುತ್ತಮುತ್ತಲಿನ ಕಾಲೇಜುಗಳಲ್ಲಿ ಲೆಕ್ಕ ಬರೆಯುವವರೇ ಎಲ್ಲರೂ. ಪಾಠ ಹೇಳಲು ಬಂದವರು ನಿವೃತ್ತ ಪ್ರಾಧ್ಯಾಪಕರು, ಒಳ್ಳೆಯ ಮನುಷ್ಯ, ಸಿಟ್ಟೇ ಬಾರದವರು. ಕಾಲೇಜು ಎಂದರೆ ಒಂದು ಒಲೆಯ ಮನೆಯಲ್ಲ, ಹತ್ತು ಒಲೆಯ ಮನೆ, ಯಾವ ಒಲೆಗೆ ಎಷ್ಟು ಕಟ್ಟಿಗೆ ಹೋಯಿತೆಂದು ಬೇರೆ ಬೇರೆ ತೋರಿಸಬೇಕು ಎಂದರು. ಅಷ್ಟು ತಿಳಿಯಿತು. ಆಮೇಲೆ ವೆಚ್ಚ ಕೇಂದ್ರ, ನೇರ ವೆಚ್ಚ, ಪರೋಕ್ಷ ವೆಚ್ಚ, ಹಂಚಿಕೆಯ ಆಧಾರ ಎಂದು ಪರದೆಯ ಮೇಲೆ ಬಾಣಗಳು ಓಡಾಡತೊಡಗಿದವು. ಯಾವ ಬಾಣ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವಷ್ಟರಲ್ಲಿ ಪುಟವೇ ಬದಲಾಗುತ್ತಿತ್ತು. ನನ್ನ ಪಕ್ಕ ಕೂತಿದ್ದ ಸವದತ್ತಿಯ ಕಾಲೇಜಿನ ಗುಮಾಸ್ತೆ ಬಗ್ಗಿ ಪಿಸುಗುಟ್ಟಿದಳು.

“ಅಕ್ಕಾರ, ನಿಮಗೇನರ ತಿಳೀತೇನ್ರಿ?”

“ಮಧ್ಯಾಹ್ನದ ಊಟದಾಗ ಝುಣಕ ಛಲೋ ಇತ್ತು. ಅಷ್ಟ ತಿಳೀತು.”

ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. “ಇನ್ನ ಮ್ಯಾಲೆ ನೀವು ಬರೇ ಬರಿಯೋರಲ್ರಿ, ಆಡಳಿತದವರಿಗೆ ದಾರಿ ತೋರಸೋರು,” ಎಂದರು ಪ್ರಾಧ್ಯಾಪಕರು. ಬಸ್ಸಿನಲ್ಲಿ ಕೂತು ಬರುವಾಗ ಆ ಮಾತಿಗೆ ಹಿಗ್ಗಿದೆ. ಯಾಕೆ ಸುಳ್ಳು ಹೇಳಲಿ? ಪ್ರಮಾಣಪತ್ರವನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡೇ ಊರಿಗೆ ಬಂದೆ.

ಬಂದ ವಾರದಲ್ಲೇ ಆಡಳಿತ ಮಂಡಳಿ ದಾರಿ ತೋರಿಸೆಂದು ಕೇಳಿತು. ಯಾವ ವಿಭಾಗ ಎಷ್ಟು ತಿನ್ನುತ್ತದೆ, ಒಂದು ಹಾಳೆಯಲ್ಲಿ ತಃಖ್ತೆ ಹಾಕಿ ಕೊಡಿ ಎಂದರು. ನಮ್ಮ ಖರ್ಚಿನ ರಿಜಿಸ್ಟರಿನಲ್ಲಿ ಮೊದಲಿನಿಂದಲೂ ‘ವಿಭಾಗ’ ಎಂಬ ಒಂದು ಮನೆ, ಅಂದರೆ ಅಂಕಣ, ಇದೆ. ಪ್ರತಿ ವೋಚರಿನ ಎದುರು ಅದನ್ನು ತುಂಬುತ್ತ ಬಂದಿದ್ದೆ. ಆ ಮನೆಗಳನ್ನೆಲ್ಲ ಕೂಡಿಸಿ, ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ, ಕಿತ್ತೂರಿನಲ್ಲಿ ಹೇಳಿಕೊಟ್ಟಂತೆ ಖರ್ಚು ಕಡಿಮೆಯಾದರೆ ಹಸಿರು, ಹೆಚ್ಚಾದರೆ ಕೆಂಪು ಎಂದು ಬಣ್ಣ ಹಾಕಿದೆ. ಕಲೆ ಹಸಿರು, ವಾಣಿಜ್ಯ ಹಸಿರು, ರಸಾಯನಶಾಸ್ತ್ರ ಕಡುಗೆಂಪು. ಮಂಡಳಿಯವರು ಹತ್ತು ನಿಮಿಷ ನೋಡಿದರು. ಈ ವರ್ಷದ ಕೊನೆಗೆ ರಸಾಯನಶಾಸ್ತ್ರ ಮುಚ್ಚುವುದು, ಮುಂದಿನ ಸಭೆಯಲ್ಲಿ ಠರಾವು ಮಾಡುವುದು ಎಂದು ಎದ್ದರು.

ರಸಾಯನಶಾಸ್ತ್ರಕ್ಕೆ ನಮ್ಮಲ್ಲಿ ಇದ್ದದ್ದೇ ಒಬ್ಬ ಶಿಕ್ಷಕಿ. ದಿನಾ ದೊಡವಾಡದಿಂದ ಬಸ್ಸಿಗೆ ಬರುವ ಹೆಣ್ಣುಮಗಳು. ಒಂಬತ್ತು ವರ್ಷದಿಂದ ತಾತ್ಕಾಲಿಕ ಕೆಲಸ, ವರ್ಷ ವರ್ಷ ಹೊಸ ಆದೇಶ. ಗಂಡ ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿದ್ದ, ಇಬ್ಬರು ಮಕ್ಕಳು ಓದುತ್ತಿದ್ದರು. ಈಕೆಯ ಪಗಾರ ನಿಂತರೆ ಆ ಮನೆ ನಿಲ್ಲುವಂತಿರಲಿಲ್ಲ, ಅದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮರುದಿನ ಆಕೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. ಕೈಯಲ್ಲಿ ನನ್ನದೇ ತಃಖ್ತೆಯ ಜೆರಾಕ್ಸ್, ಕರೆಂಟ್ ಬಿಲ್ಲಿನ ಅಂಕಿಯ ಮೇಲೆ ಬೆರಳು.

“ಬಾಯಾರ, ಒಂದ ಮಾತ ಕೇಳ್ಲೇನ್ರಿ? ನಮ್ಮ ಲ್ಯಾಬಿನಾಗ ನಾಕ ಫ್ಯಾನ್ ಅದಾವು. ಅದರಾಗ ಎರಡು ತಿರಗೂದಿಲ್ಲ. ಇಷ್ಟೊಂದು ಕರೆಂಟ್ ಸುಟ್ಟವರು ಯಾರ್ರಿ?”

“ಬಿಲ್ಲಿನಾಗ ಎಷ್ಟಿತ್ತೋ ಅಷ್ಟ ಬರದೇನಿ.”

“ಬಿಲ್ಲಿನ ಮ್ಯಾಲೆ ರಸಾಯನಶಾಸ್ತ್ರ ಅಂತ ಬರದಿರ್ತಾರೇನ್ರಿ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿಮ್ಮ ಪಾಠ ನೀವು ನೋಡ್ಕೋರಿ, ನನ್ನ ಲೆಕ್ಕ ನಾ ನೋಡ್ಕೋತೇನಿ!” ಎಂದು ಒದರಿಬಿಟ್ಟೆ. ಆಕೆ ಜೆರಾಕ್ಸ್ ಮಡಚಿಕೊಂಡು ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಆಡಿಟರೂ ನನ್ನ ರಿಜಿಸ್ಟರಿನಲ್ಲಿ ಬೆರಳಿಟ್ಟು ಪ್ರಶ್ನೆ ಕೇಳಿರಲಿಲ್ಲ. ಇವಳ್ಯಾರು ಕೇಳಲಿಕ್ಕೆ ಎಂದುಕೊಂಡೆ. ಆದರೆ ಆ ತಿರುಗದ ಎರಡು ಫ್ಯಾನು ತಲೆಯಿಂದ ಹೋಗಲಿಲ್ಲ, ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದೆ. ಕೈ ತೊಳೆದು ಮೀಟರ್ ನೋಡಲು ಹೊರಟೆ.

ನಮ್ಮ ಕಾಲೇಜಿನ ಇಡೀ ಆವರಣಕ್ಕೆ ಇರುವುದು ಒಂದೇ ಮೀಟರ್. ಅದು ವಿಜ್ಞಾನದ ಕಟ್ಟಡದಲ್ಲಿ, ರಸಾಯನಶಾಸ್ತ್ರದ ಬಾಗಿಲಿನ ಪಕ್ಕ, ಗೋಡೆಗೆ ಇದೆ. ನಾನು ಕೆಲಸಕ್ಕೆ ಸೇರಿದಾಗ ನನಗಿಂತ ಮೊದಲಿದ್ದ ಹಿರಿಯ ಗುಮಾಸ್ತರು, “ತಂಗಿ, ವಿಭಾಗದ ಮನಿ ಖಾಲಿ ಬಿಡಬ್ಯಾಡ, ಆಡಿಟ್‌ನವರು ಬೈತಾರ. ಮೀಟರ್ ಯಾವ ಬಾಗಲ ಕಡೆ ಐತಿ, ಆ ಬಾಗಲ ಹೆಸರು ಬರಿ,” ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನೇ ಪಾಲಿಸಿಕೊಂಡು ಬಂದವಳು. ಕೂಡಿಸಲಿಕ್ಕಲ್ಲ, ಖಾಲಿ ಬಿಡಬಾರದೆಂದು ತುಂಬುತ್ತಿದ್ದ ಮನೆ ಅದು.

ಲ್ಯಾಬಿಗೆ ಬೀಗ ಹಾಕಿತ್ತು. ಒಳಗೆ ಒಂದು ದೀಪವೂ ಇಲ್ಲ. ಆದರೆ ಮೀಟರಿನ ಕೆಂಪು ದೀಪ ಪಟಪಟ ಬಡಿದುಕೊಳ್ಳುತ್ತಿತ್ತು. ಆವರಣದ ಆಚೆ ತುದಿಯಲ್ಲಿ ನಮ್ಮ ಸಂಸ್ಥೆಯದೇ ಕಲ್ಯಾಣ ಮಂಟಪ. ಅಂದು ಅಲ್ಲಿ ಮದುವೆ. ಏಸಿ ಓಡುತ್ತಿತ್ತು, ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್ ಗುರುಗುಡುತ್ತಿತ್ತು. ಹಾಸ್ಟೆಲ್ಲಿನ ನೀರಿನ ಮೋಟರೂ ಇದೇ ಮೀಟರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವಳು ನಾನೇ. ಅಯ್ಯ ಶಿವನ, ಏನು ಮಾಡಿ ಕೂತೆ ಎಂದುಕೊಂಡೆ.

ಸರಿ ಮಾಡಬೇಕು, ಆದರೆ ಹೇಗೆ? ಒಂದು ಬಿಲ್ಲನ್ನು ಯಾರಿಗೆ ಎಷ್ಟು ಹಂಚಲಿ? ಕಿತ್ತೂರಿನ ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ಕೋಣೆಯ ಅಳತೆಯಿಂದ ಹಂಚಿರಿ ಎಂದರು. ಪ್ಯೂನನ್ನು ಕರೆದುಕೊಂಡು ಎರಡು ದಿನ ಟೇಪು ಹಿಡಿದು ಅಳೆದೆ. ಆಗ ಗ್ರಂಥಾಲಯ ಕೆಂಪಾಯಿತು. ತಲೆ ಎಣಿಸಿ ಹಂಚಿದರೆ ಕಲಾ ವಿಭಾಗ ಕೆಂಪಾಯಿತು, ಮಂಟಪದಲ್ಲಿ ವಿದ್ಯಾರ್ಥಿಗಳೇ ಇಲ್ಲವೆಂದು ಅದಕ್ಕೆ ಸೊನ್ನೆ ಬಂತು. ಫ್ಯಾನು, ದೀಪ, ಮೋಟರು ಎಣಿಸಿ ಹಂಚಿದರೆ ಮಂಟಪವೇ ಎಲ್ಲರನ್ನೂ ನುಂಗಿತು. ಮೂರು ತಃಖ್ತೆ, ಮೂರು ಕೆಂಪು. ಮತ್ತೆ ಫೋನು ಮಾಡಿ, “ಸರ್, ಇದರಾಗ ಖರೇ ಲೆಕ್ಕ ಯಾವದರೀ?” ಎಂದೆ.

ಅವರು ನಕ್ಕರು. “ಖರೇ ಅನ್ನೂದ ಇರೂದಿಲ್ಲರಿ ಇದರಾಗ. ಕೇಳಿದವರಿಗೆ ಕಾರಣ ಹೇಳಾಕ ಬರಬೇಕು, ಅಷ್ಟ.”

ಫೋನಿಟ್ಟು ಮೂರೂ ತಃಖ್ತೆಗಳನ್ನು ಟೇಬಲ್ಲಿನ ಮೇಲೆ ಹರಡಿದೆ. ಇಷ್ಟು ವರ್ಷ ಲೆಕ್ಕವೆಂದರೆ ಒಂದೇ ಉತ್ತರ ಎಂದು ತಿಳಿದವಳಿಗೆ ಇದರಿಂದ ಭಯವಾಯಿತು. ಮನೆಗೆ ಹೋದರೆ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದೂ ಗೊಂದಲ. ಕೊನೆಗೆ ಫ್ಯಾನು, ಮೋಟರು ಎಣಿಸಿದ ತಃಖ್ತೆಯನ್ನೇ ಒಯ್ಯುವುದೆಂದು ನಿರ್ಧರಿಸಿದೆ. ಅದೇ ಸರಿಯೆಂದು ಧೈರ್ಯವಿತ್ತೇ? ಇರಲಿಲ್ಲ. ಕಣ್ಣಾರೆ ನೋಡಿದ್ದು ಅದೊಂದೇ ಇತ್ತು.

ಠರಾವಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. “ಸಾಹೇಬ್ರ, ಮೊದಲು ಕೊಟ್ಟ ತಃಖ್ತೆ ತಪ್ಪೈತ್ರಿ. ತಪ್ಪು ನಂದ. ಮಂಟಪದ ಕರೆಂಟ್, ಹಾಸ್ಟೆಲ್ ಕರೆಂಟ್, ಎಲ್ಲಾನೂ ರಸಾಯನಶಾಸ್ತ್ರದ ತಲಿಗೆ ಕಟ್ಟೇನಿ. ಮೀಟರ್ ಆ ಬಾಗಲ ಬಾಜೂಕ ಐತಿ ಅಂತ.”

ಒಬ್ಬರು ಸದಸ್ಯರು, “ಯಾರದೋ ದುಡ್ಡು ಎಲ್ಲಮ್ಮನ ಜಾತ್ರಿ ಆತಲ್ರೀ ಇದು!” ಎಂದು ನಕ್ಕರು. ಅಧ್ಯಕ್ಷರು ನಗಲಿಲ್ಲ. ಎರಡೂ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಮಂಟಪಕ್ಕೆ ಬೇರೆ ಮೀಟರ್ ಹಾಕಿಸಿರಿ, ರಸಾಯನಶಾಸ್ತ್ರ ಇರಲಿ ಎಂದರು. ನನಗೆ ಉಸಿರು ಬಂತು. ಆಮೇಲೆ ಅವರು ಕನ್ನಡಕ ತೆಗೆದು, ಸಿಟ್ಟಿಲ್ಲದೆ, ನನ್ನನ್ನೇ ಕೇಳಿದರು.

“ಹಂಗಾದ್ರ ಇದ ಲೆಕ್ಕ ನೋಡಿ ನಾವು ಹಿಂದ ಏನೇನ ಮಾಡೇವಿ, ಬಾಯಾರ?”

ನನಗೆ ಹಳೆಯ ಬೋರ್ಡೊಂದು ನೆನಪಾಯಿತು. ಆರು ವರ್ಷದ ಹಿಂದೆ, ಮೀಟರ್ ಇದ್ದ ಆ ಬಾಗಿಲಿನ ಮೇಲೆ ‘ಗೃಹವಿಜ್ಞಾನ’ ಎಂಬ ಬೋರ್ಡು ಇತ್ತು. ಆಗಲೂ ಮಂಡಳಿಯವರು ಯಾವ ವಿಭಾಗದ ಖರ್ಚು ಎಷ್ಟು ಎಂದು ಕೇಳಿದ್ದರು. ನಾನು ಅರ್ಧ ಗಂಟೆಯಲ್ಲಿ ಒಂದು ಚೀಟಿಯ ಮೇಲೆ ಕೂಡಿಸಿ ಕೊಟ್ಟಿದ್ದೆ. ಗೃಹವಿಜ್ಞಾನ ಮುಚ್ಚಿತು. ಬೋರ್ಡು ಇಳಿಸಿ, ಬೇರೆ ಕೋಣೆಯಲ್ಲಿದ್ದ ರಸಾಯನಶಾಸ್ತ್ರವನ್ನು ಅಲ್ಲಿಗೆ ತಂದು ಅದರ ಬೋರ್ಡು ಏರಿಸಿದರು, ಮುಂದಿನ ತಿಂಗಳಿಂದ ನಾನು ಕರೆಂಟ್ ಬಿಲ್ಲಿನ ಎದುರು ಹೊಸ ಬೋರ್ಡಿನ ಹೆಸರು ಬರೆದೆ. ಕೈ ತಾನಾಗಿ ಬರೆದಿತ್ತು. “ಗೃಹವಿಜ್ಞಾನ ಮುಚ್ಚೇವ್ರಿ,” ಎಂದು ಅಧ್ಯಕ್ಷರಿಗೆ ಹೇಗೋ ಉತ್ತರಿಸಿದೆ. ಚಹಾ ಬಂತು, ಸಭೆ ಮುಂದಿನ ವಿಷಯಕ್ಕೆ ಹೋಯಿತು.

ರಸಾಯನಶಾಸ್ತ್ರದ ಶಿಕ್ಷಕಿ ಮರುದಿನ ಪೇಢೆ ತಂದಳು. “ಬಾಯಾರ, ನಿಮ್ಮಿಂದ ನನ್ನ ಮನಿ ಉಳೀತರಿ,” ಎಂದು ಕಣ್ಣಲ್ಲಿ ನೀರು ತಂದಳು. ನಾನು ಪೇಢೆಯನ್ನು ಕಾಗದದಲ್ಲಿ ಸುತ್ತಿ ಡ್ರಾದಲ್ಲಿಟ್ಟೆ. ಹಳೆಯ ರಿಜಿಸ್ಟರ್ ತೆಗೆಸಿ ಗೃಹವಿಜ್ಞಾನದ ಕೊನೆಯ ವರ್ಷ ನೋಡಿದೆ. ಕರೆಂಟ್ ಬಿಲ್ಲು ತೆಗೆದರೆ ಇಡೀ ಕಾಲೇಜಿನಲ್ಲಿ ಅತಿ ಕಡಿಮೆ ಖರ್ಚಿನ ವಿಭಾಗ ಅದೇ. ಓದುತ್ತಿದ್ದ ಹುಡುಗಿಯರು ಮಾತ್ರ ಏಳೇ ಜನ. ತಲೆಗೆ ಎಷ್ಟು ಖರ್ಚೆಂದು ಲೆಕ್ಕ ಹಾಕಿದ್ದರೆ ವಿಭಾಗ ಉಳಿಯುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಆದರೆ ಅಂದಿನ ಠರಾವಿನಲ್ಲಿ ಬರೆದ ಕಾರಣ ಒಂದೇ ಇತ್ತು: ವಿಪರೀತ ಖರ್ಚು.

ಗೃಹವಿಜ್ಞಾನ ಕಲಿಸುತ್ತಿದ್ದಾಕೆ ಕೆಲಸ ಹೋದ ಮೇಲೆ ಗಂಡನ ಊರು ರಾಮದುರ್ಗಕ್ಕೆ ಹೋಗಿ ರೊಟ್ಟಿ ಕೇಂದ್ರ ಹಾಕಿದ್ದಾಳೆಂದು ಕೇಳಿದ್ದೆ. ಒಂದು ರವಿವಾರ ಸವದತ್ತಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಹೋಗಿ ಏನು ಹೇಳುವುದು, ಹೇಳಿದರೆ ಯಾರಿಗೆ ಏನು ಬಂತು ಎಂದು ದಾರಿಯುದ್ದಕ್ಕೂ ಗೊತ್ತಾಗಲಿಲ್ಲ. ಎರಡು ಸಲ ಇಳಿದು ವಾಪಸ್ ಹೋಗಿಬಿಡಲೇ ಎನಿಸಿತು.

“ಅಯ್ಯ, ಬಾಯಾರ! ಬರ್ರಿ ಬರ್ರಿ, ಕುಂದರ್ರಿ,” ಎಂದು ಆಕೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಪಡಸಾಲೆಯಲ್ಲಿ ಮೂವರು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಗರಿಗರಿ ಕಟಿ ರೊಟ್ಟಿ, ಕೆಂಪು ಚಟ್ನಿ, ಮೊಸರು ತಂದು ಮುಂದಿಟ್ಟಳು. ನಾನು ತಟ್ಟೆ ಮುಟ್ಟದೆ ಎಲ್ಲ ಹೇಳಿದೆ: ಮೀಟರು, ಬಾಗಿಲು, ಬೋರ್ಡು, ಚೀಟಿ. ಆಕೆಗೆ ಮೊದಲ ಸಲ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಬೈಯಲಿ, ಚೀರಾಡಲಿ ಎಂದು ಕಾಯುತ್ತಿದ್ದೆ.

“ಹಂಗಾದ್ರ,” ಎಂದು ಆಕೆ ನಿಧಾನವಾಗಿ ಕೇಳಿದಳು, “ನಾ ಛಲೋ ಕಲಸಲಿಲ್ಲ ಅಂತ ಮುಚ್ಚಿದ್ದಲ್ಲೇನ್ರಿ?”

“ಯಾರಂದ್ರು ಹಂಗ?”

“ಯಾರೂ ಅನ್ನಲಿಲ್ಲ. ಕಡೀ ವರ್ಷ ಏಳ ಹುಡುಗ್ಯಾರು ಉಳದಿದ್ರು ನೋಡ್ರಿ, ನಾನ ಹಂಗ ತಿಳಕೊಂಡೆ. ಮನ್ಯಾಗ ಅತ್ತಿನೂ ಹಂಗ ಅಂತಾರ. ನಿನಗ ಕಲಸಾಕ ಬರತಿದ್ದಿಲ್ಲ, ಅದಕ್ಕ ಹೊರಗ ಹಾಕಿದ್ರು ಅಂತ.” ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಬಾಯಾರ, ಅದನ್ನ ಒಂದ ಹಾಳ್ಯಾಗ ಬರದ ಕೊಡ್ತೀರೇನ್ರಿ?”

ಸಂಸ್ಥೆಯ ಲೆಟರ್‌ಹೆಡ್ಡಿಲ್ಲ, ಸಿಕ್ಕಾ ಒತ್ತಲು ಮೊಹರಿಲ್ಲ, ಬರೆಯಲು ನನಗೆ ಅಧಿಕಾರವಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆಕೆ ರೊಟ್ಟಿ ಆರ್ಡರ್ ಬರೆಯುವ ವಹಿಯಿಂದ ಒಂದು ಹಾಳೆ ಹರಿದು ಕೊಟ್ಟಳು. ಗೃಹವಿಜ್ಞಾನ ವಿಭಾಗವನ್ನು ಖರ್ಚು ಹೆಚ್ಚೆಂಬ ಕಾರಣಕ್ಕೆ ಮುಚ್ಚಲಾಯಿತು, ಆ ಖರ್ಚಿನ ಲೆಕ್ಕವನ್ನು ನಾನು ತಪ್ಪು ಬರೆದಿದ್ದೆ, ಕಲಿಸಿದವರ ತಪ್ಪು ಏನೂ ಇಲ್ಲ ಎಂದು ಬರೆದು ಸಹಿ ಮಾಡಿದೆ. ಆಕೆ ನಿಂತೇ ಓದಿದಳು. ಆಮೇಲೆ ಒಳಮನೆಯ ಕಡೆ ತಿರುಗಿ, “ಅತ್ತಿ, ಸ್ವಲ್ಪ ಹೊರಗ ಬರ್ರಿ,” ಎಂದು ಕರೆದಳು. ವಯಸ್ಸಾದ ಹೆಂಗಸು ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ನಿಂತಳು. ರೊಟ್ಟಿ ಬಡಿಯುವ ಸದ್ದು ನಿಂತಿತು. ಸೊಸೆ ಹಿಂದೆ ದಿನಾ ತರಗತಿಯಲ್ಲಿ ಪಾಠ ಓದುತ್ತಿದ್ದ ಹಾಗೆ, ದೊಡ್ಡ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಓದಿದಳು.

ಅತ್ತೆ ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಇನ್ನೊಮ್ಮಿ ಓದವ್ವ,” ಎಂದಳು.